ಕಪ್ಪು ಒಂದರಲ್ಲಿ ನಾಲ್ಕು ತಂತಿ

ಹಿರೇಕೊಡಿಗೆಯ ಸುತ್ತಮುತ್ತ ಎಲ್ಲಾದರೂ ಒಂದು ಗೀತಗಾಯನ ಇಟ್ಟುಕೊಳ್ಳಿ. ಗಣಪತಿ ಪೆಂಡಾಲಾಗಲಿ, ಶಾಲೆಯ ವಾರ್ಷಿಕೋತ್ಸವವಾಗಲಿ, ಡಿಸೆಂಬರ್ 29ರ ಕುವೆಂಪು ಜನ್ಮದಿನವಾಗಲಿ, ವೇದಿಕೆ ಹತ್ತುವವರ ಪಟ್ಟಿ ಹೆಚ್ಚು ಬದಲಾಗುವುದಿಲ್ಲ. ಒಂದು ಕೀಬೋರ್ಡ್, ಒಂದು ತಬಲ, ಒಂದು ರಿದಮ್ ಪ್ಯಾಡ್, ಇಬ್ಬರು ಗಾಯಕರು, ದುಡ್ಡು ಹೊಂದಿದರೆ ಕೊಳಲು, ಮೇಲೊಬ್ಬರು ನಿರೂಪಕಿ. ಬೇಸ್ ಗಿಟಾರ್ ಎಲ್ಲಿ ಎಂದು ಹುಡುಕಿದರೆ ಅದು ಕೀಬೋರ್ಡ್‌ನವನ ಎಡಗೈಯಲ್ಲಿ ಸಿಗುತ್ತದೆ. ಬಲಗೈ ಪಿಟೀಲಿನ ಬಿಜಿಎಂ ಹಿಡಿದಿದ್ದಾಗ ಎಡಗೈ ಕೆಳಗಿನ ಸ್ವರ ಒತ್ತಿಕೊಂಡಿರುತ್ತದೆ. ನಡುವೆ ಟೋನ್ ಬದಲಿಸಲು ಗುಂಡಿ ಒತ್ತಬೇಕಾಗಿ ಬಂದರೆ ಆ ಕೈ ಎದ್ದುಬಿಡುತ್ತದೆ, ಎರಡು ಆವರ್ತ ಹಾಡಿಗೆ ನೆಲವೇ ಇರುವುದಿಲ್ಲ.

ಕುವೆಂಪು ಹುಟ್ಟಿದ್ದು 1904ರಲ್ಲಿ, ಕೊಪ್ಪ ತಾಲ್ಲೂಕಿನ ಈ ಹಿರೇಕೊಡಿಗೆಯಲ್ಲಿ. ಅದು ಅವರ ತಾಯಿಯ ತವರು. ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಹಾಗಾಗಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಕುವೆಂಪು ಗೀತೆ ಇಲ್ಲದೆ ಸಮಾರಂಭ ಶುರುವಾಗುವುದು ಕಡಿಮೆ. 2015ರಿಂದ ಅವರ ಹುಟ್ಟಿದ ದಿನವನ್ನು ಸರ್ಕಾರವೇ ವಿಶ್ವಮಾನವ ದಿನವಾಗಿ ಆಚರಿಸುತ್ತಿದೆ, ಆಮೇಲಂತೂ ಆ ವಾರ ಹಾಡುಗಾರರಿಗೆ ಬಿಡುವಿಲ್ಲ. ಇಂಥ ವೇದಿಕೆಯಲ್ಲಿ ನಾಲ್ಕು ತಂತಿಯ ವಾದ್ಯ ಹಿಡಿದು ನಿಲ್ಲುವವನಿಗೆ ಏನು ಕೆಲಸ, ಅವನ ಕೈಯಲ್ಲಿ ಎಂಥ ವಾದ್ಯವಿರಬೇಕು ಎಂಬುದು ಈ ಬರಹದ ವಿಷಯ. ಅವನು ಇರಬೇಕು ಎಂಬ ಪಕ್ಷದವನು ನಾನು. ಆದರೆ ‘ಬೇಸ್ ಗಿಟಾರ್ ಬಂದರೆ ಸಾಹಿತ್ಯ ಮುಳುಗುತ್ತದೆ’ ಎನ್ನುವ ಹಿರಿಯ ಗಾಯಕರ ಮಾತನ್ನೂ ತಳ್ಳಿಹಾಕಲಾರೆ. ಮುಳುಗಿಸುವ ಶಕ್ತಿ ಆ ವಾದ್ಯಕ್ಕೆ ನಿಜವಾಗಿಯೂ ಇದೆ.

ಹೇಗೆ ಎಂದು ನೋಡೋಣ. ನಮ್ಮ ಕಡೆಯ ಗಂಡು ದನಿಗೆ ಸಾಮಾನ್ಯವಾಗಿ ಕಪ್ಪು ಒಂದು ಹೊಂದುತ್ತದೆ, ಅಂದರೆ ಹಾರ್ಮೋನಿಯಂನ ಮೊದಲ ಕರಿ ಮನೆ, ಸಿ ಶಾರ್ಪ್. ಗಾಯಕ ಪಲ್ಲವಿಯ ಕೊನೆಗೆ ಷಡ್ಜದ ಮೇಲೆ ನಿಂತಿದ್ದಾನೆ ಎನ್ನಿ. ತಂಬೂರಿ ಅಥವಾ ಶ್ರುತಿಪೆಟ್ಟಿಗೆ ಹಿಂದಿದ್ದರೆ ಅವನ ‘ಸ’ ಕೊನೆಯವರೆಗೂ ‘ಸ’ ಆಗಿಯೇ ಇರುತ್ತದೆ. ಬೇಸ್‌ನವನು ಅದೇ ಹೊತ್ತಿಗೆ ಮಧ್ಯಮಕ್ಕೆ ಸರಿದ ಎನ್ನಿ. ಗಾಯಕ ಗಂಟಲು ಕದಲಿಸಿಲ್ಲ, ಆದರೂ ಅವನ ‘ಸ’ ಈಗ ಕೇಳುಗರ ಕಿವಿಗೆ ಪಂಚಮದ ಹಾಗೆ ಬೀಳುತ್ತದೆ, ಯಾಕೆಂದರೆ ಅಡಿಪಾಯವೇ ಪಕ್ಕಕ್ಕೆ ಹೋಗಿದೆ. ಬೇಸ್ ಧೈವತಕ್ಕೆ ಇಳಿದರೆ ಅದೇ ‘ಸ’ ಮೈನರ್ ಕಾರ್ಡಿನ ಗಾಂಧಾರವಾಗಿ ಕೇಳಿಸಿ ಹಾಡಿಗೆ ಒಂದು ವಿಷಾದ ಅಂಟಿಕೊಳ್ಳುತ್ತದೆ. ಕವಿ ಅಲ್ಲಿ ವಿಷಾದ ಇಟ್ಟಿದ್ದರೋ ಇಲ್ಲವೋ, ಬೇಸ್‌ನವನು ಒಂದೇ ಬೆರಳಿನಲ್ಲಿ ಇಟ್ಟುಬಿಟ್ಟ. ಲೀಡ್ ಗಿಟಾರ್‌ನವನಿಗಾಗಲಿ ಕೊಳಲಿನವರಿಗಾಗಲಿ ಇಷ್ಟು ಅಧಿಕಾರ ಇಲ್ಲ. ಅವರು ತಪ್ಪಿದರೆ ಅವರ ಸ್ವರ ತಪ್ಪುತ್ತದೆ, ಬೇಸ್ ತಪ್ಪಿದರೆ ಗಾಯಕನೇ ತಪ್ಪಿದಂತೆ ಕೇಳಿಸುತ್ತದೆ.

ಆದ್ದರಿಂದ ಭಾವಗೀತೆಗೆ ಬೇಸ್ ನುಡಿಸುವವನು ಮೊದಲು ಕಲಿಯಬೇಕಾದದ್ದು ಕಾರ್ಡ್ ಪುಸ್ತಕವನ್ನಲ್ಲ, ಹಾಡಿನ ಧಾಟಿಯನ್ನು. ಮೈಸೂರು ಅನಂತಸ್ವಾಮಿ ಅವರ ಧಾಟಿಗಳಲ್ಲಿ ಎಷ್ಟೋ ಸಾಲುಗಳು ಷಡ್ಜ–ಪಂಚಮದ ಆಧಾರವನ್ನಷ್ಟೇ ಬೇಡುತ್ತವೆ, ಅಲ್ಲಿ ಮೂರನೆಯ ಸ್ವರ ತೂರಿಸುವುದು ದುರಾಸೆ. ಕುವೆಂಪು ಅವರ ನಾಡಗೀತೆಯೇ ಇದೆಯಲ್ಲ, 2004ರಲ್ಲಿ ಅದನ್ನು ನಾಡಗೀತೆ ಎಂದು ಒಪ್ಪಿಕೊಂಡ ಸರ್ಕಾರ, 2022ರಲ್ಲಿ ಅನಂತಸ್ವಾಮಿ ಅವರ ಧಾಟಿಯನ್ನೇ ಅಧಿಕೃತ ಎಂದಿತು, ಎರಡು ನಿಮಿಷ ಮೂವತ್ತು ಸೆಕೆಂಡಿನಲ್ಲಿ ಮುಗಿಸಬೇಕು ಎಂದು ಕಾಲವನ್ನೂ ಕಟ್ಟಿತು. ಅದಕ್ಕೆ ಬೇಸ್ ನುಡಿಸುವುದಾದರೆ ಮೆರೆಯಲು ಎಡೆಯೇ ಇಲ್ಲ. ಎಲ್ಲರೂ ಎದ್ದು ನಿಂತು ಬಾಯಿ ಸೇರಿಸುವ ಹಾಡಿಗೆ ಕೆಳಗಿನ ಸ್ವರ ಗಟ್ಟಿಯಾಗಿ, ಗಿಡ್ಡವಾಗಿ, ಹೊತ್ತಿಗೆ ಸರಿಯಾಗಿ ಬಿದ್ದರೆ ಸಾಕು. ಸಾವಿರ ಜನರ ಲಯ ಎಳೆದಾಡುವುದನ್ನು ತಡೆಯುವುದು ಅದೊಂದೇ.

ಇನ್ನು ತಬಲ. ರಾಕ್ ತಂಡದಲ್ಲಿ ಬೇಸ್‌ಗೆ ಜೊತೆ ಕಿಕ್ ಡ್ರಮ್. ಎರಡೂ ಒಟ್ಟಿಗೆ ಬಿದ್ದರೆ ಪೆಟ್ಟಿಗೆ ತೂಕ. ಆ ಅಭ್ಯಾಸವನ್ನೇ ತಬಲದ ಪಕ್ಕ ತಂದರೆ ಕೆಸರು. ತಬಲ ಜೋಡಿಯ ಎಡಗೈ ಡಗ್ಗದ ಗುಂಯ್‌ಕಾರ ಸರಿಸುಮಾರು ಬೇಸ್ ಗಿಟಾರ್‌ನ ತೆಳುವಾದ ಎರಡು ತಂತಿಗಳ ಸೀಮೆಯಲ್ಲೇ ಓಡಾಡುತ್ತದೆ, ಅದೂ ಒಂದು ಸ್ವರದಲ್ಲಿ ನಿಲ್ಲದೆ ಜಾರುತ್ತದೆ. ಸುಗಮ ಸಂಗೀತದಲ್ಲಿ ಹೆಚ್ಚಾಗಿ ಬರುವ ಕೆಹರ್ವಾ ತೆಗೆದುಕೊಳ್ಳಿ: ಧಾ ಗೆ ನಾ ತಿ, ನಾ ಕೆ ಧಿ ನಾ. ಎಂಟು ಮಾತ್ರೆಯಲ್ಲಿ ಡಗ್ಗ ಬಾಯಿ ತೆರೆಯುವುದು ಮೂರು ಕಡೆ, ಒಂದನೆಯ ‘ಧಾ’, ಎರಡನೆಯ ‘ಗೆ’, ಏಳನೆಯ ‘ಧಿ’. ಐದನೆಯ ಮಾತ್ರೆ ಖಾಲಿ, ಅಲ್ಲಿ ಬಲಗೈಯ ತಬಲ ಮಾತ್ರ. ಬಲ್ಲ ಬೇಸ್‌ನವನು ಒಂದರಲ್ಲಿ ಸ್ವರ ಹಿಡಿದು ಎರಡಕ್ಕೆ ಮೊದಲೇ ಬೆರಳು ಸಡಿಲಿಸಿ ಸದ್ದು ನಿಲ್ಲಿಸುತ್ತಾನೆ, ‘ಗೆ’ಗೆ ದಾರಿ ಬಿಡುತ್ತಾನೆ, ಐದರಲ್ಲಿ ಬಂದು ಕೂರುತ್ತಾನೆ, ಏಳರಲ್ಲಿ ಮತ್ತೆ ಸುಮ್ಮನಾಗುತ್ತಾನೆ. ಎಂಟು ಮಾತ್ರೆಗೆ ಎರಡು ಸ್ವರ. ನೋಡುವವರಿಗೆ ಸೋಮಾರಿಯಂತೆ ಕಾಣುತ್ತಾನೆ. ತಬಲದವರು ಮಾತ್ರ ಮುಂದಿನ ಪ್ರೋಗ್ರಾಂಗೂ ಅವನನ್ನೇ ಕರೆಯಿರಿ ಎನ್ನುತ್ತಾರೆ.

ಸಿನಿಮಾ ಹಾಡಿನ ಲೆಕ್ಕ ಬೇರೆ. ರಸಮಂಜರಿಯ ಉತ್ತರಾರ್ಧದಲ್ಲಿ ಜನ ಕೇಳುವುದೇ ಸಿನಿಮಾ ಹಾಡು, ಅಲ್ಲಿ ಬೇಸ್ ಅಡಗಿ ಕೂರುವಂತಿಲ್ಲ. ನನ್ನ ಮಟ್ಟಿಗೆ ಕನ್ನಡದ ಕಿವಿಗೆ ಬೇಸ್ ಗಿಟಾರ್ ಏನು ಮಾಡಬಲ್ಲದು ಎಂದು ಅರ್ಥವಾಗುವಂತೆ ತೋರಿಸಿದ್ದು ಇಳಯರಾಜ. 1981ರ ಶಂಕರ್ ನಾಗ್ ಅವರ ‘ಗೀತಾ’, 1983ರ ಮಣಿರತ್ನಂ ಅವರ ‘ಪಲ್ಲವಿ ಅನುಪಲ್ಲವಿ’ ಕೇಳಿ. ಅಲ್ಲಿ ಬೇಸ್ ಮೂಲಸ್ವರವನ್ನು ಹಿಡಿದು ಕೂತಿಲ್ಲ, ಗಾಯಕರ ಧಾಟಿಯ ಕೆಳಗೆ ತನ್ನದೇ ಇನ್ನೊಂದು ಧಾಟಿ ಹಾಡುತ್ತ ಹೋಗುತ್ತದೆ. ಅವರ ತಂಡದಲ್ಲಿ ಬಹುಕಾಲ ಬೇಸ್ ನುಡಿಸಿದವರು ಶಶಿಧರನ್. ಈ ಹಾಡುಗಳನ್ನು ಕೀಬೋರ್ಡಿನ ಎಡಗೈಯಲ್ಲಿ ನುಡಿಸಲು ಹೊರಟವರ ಪಾಡು ನೋಡಬೇಕು. ಎಡಗೈ ಅಷ್ಟು ಓಡಿದರೆ ಬಲಗೈ ನಿಲ್ಲುತ್ತದೆ, ಬಲಗೈ ಓಡಿದರೆ ಎಡಗೈ ‘ಸ’ದಲ್ಲೇ ಕೂತುಬಿಡುತ್ತದೆ. ಹೆಚ್ಚಿನವರು ಎರಡನೆಯದನ್ನು ಆರಿಸಿಕೊಳ್ಳುತ್ತಾರೆ. ಜನ ಚಪ್ಪಾಳೆ ತಟ್ಟುತ್ತಾರೆ, ಏನೋ ಒಂದು ಕಡಿಮೆಯಾಯಿತು ಎಂದುಕೊಂಡು ಮನೆಗೆ ಹೋಗುತ್ತಾರೆ.

ನಮ್ಮ ನೆಲದ ಹಾಡಿನ ಕೆಳಗೆ ಬೇಸ್ ಸೇರಿಸಿದ ಕೆಲಸವೂ ನಡೆದಿದೆ. ಮೈಸೂರಿನ ‘ಅಂತರಾಗ್ನಿ’ ತಂಡದಿಂದ ಬಂದ ರಘು ದೀಕ್ಷಿತ್ ಆಮೇಲೆ ಕಟ್ಟಿದ ‘ರಘು ದೀಕ್ಷಿತ್ ಪ್ರಾಜೆಕ್ಟ್’ನಲ್ಲಿ ಶಿಶುನಾಳ ಶರೀಫರ ಪದಗಳ ಕೆಳಗೆ ಬೇಸ್ ನುಡಿಸಿದವರು ಗೌರವ್ ವಾಜ್. ವಾಸು ದೀಕ್ಷಿತ್ ಹಾಡುವ ‘ಸ್ವರಾತ್ಮ’ದಲ್ಲಿ ಆ ಕೆಲಸ ಜಿಷ್ಣು ದಾಸ್‌ಗುಪ್ತ ಅವರದು. ತತ್ವಪದಕ್ಕೆ ಬೇಸ್ ಹೊಂದಲು ಒಂದು ಕಾರಣವಿದೆ. ಏಕತಾರಿಯ ಒಂದೇ ತಂತಿಯ ಮಿಡಿತವೇ ಅಲ್ಲಿ ಆಧಾರ, ಬೇಸ್ ಅದನ್ನೇ ಎರಡು ಸ್ಥಾಯಿ ಕೆಳಗೆ ಇಳಿಸಿಕೊಂಡು ನುಡಿಯಬಹುದು. ಭಾವಗೀತೆಯಲ್ಲಿ ಅಷ್ಟು ಸಲೀಸಲ್ಲ.

ಕೊಪ್ಪ ಸೀಮೆಯಲ್ಲಿ ಬೇಸ್ ಕಲಿಯುವುದೆಲ್ಲಿ ಎಂದರೆ, ಕೇರಳದಿಂದ ಬಂದು ನೆಲೆಸಿದ ಕ್ರೈಸ್ತ ಕುಟುಂಬಗಳಿರುವ ನರಸಿಂಹರಾಜಪುರದ ಕಡೆ ಚರ್ಚಿನ ಗಾಯನ ತಂಡಗಳು ಒಂದು ದಾರಿ. ಉಳಿದವರಿಗೆ ಶಿವಮೊಗ್ಗ, ಮಂಗಳೂರು, ಇಲ್ಲವೇ ಮೊಬೈಲು.

ಈಗ ವಾದ್ಯಕ್ಕೆ ಬರೋಣ. ಬೇಸ್ ಗಿಟಾರ್ ಎಂಬ ಈ ರೂಪ ಪೇಟೆಗೆ ಬಂದದ್ದು 1951ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಅವರ ‘ಪ್ರಿಸಿಷನ್ ಬೇಸ್’ ಮೂಲಕ. ಅದಕ್ಕೆ ಮೊದಲೂ ಕೆಲವರು ಪ್ರಯತ್ನಪಟ್ಟಿದ್ದರು, ಅವು ನಿಲ್ಲಲಿಲ್ಲ. ಆಳೆತ್ತರದ ಡಬಲ್ ಬೇಸ್ ಹೊತ್ತು ಊರೂರು ಅಲೆಯುತ್ತಿದ್ದ ವಾದಕರಿಗೆ ಇದು ದೊಡ್ಡ ಬಿಡುಗಡೆ. ತಂತಿಯ ಉದ್ದ 34 ಇಂಚು, ತೂಕ ನಾಲ್ಕು ಕಿಲೋ ಆಸುಪಾಸು, ಕುತ್ತಿಗೆಯ ಮೇಲೆ ಫ್ರೆಟ್ ಎಂಬ ಲೋಹದ ಪಟ್ಟಿಗಳಿದ್ದುದರಿಂದ ಸ್ವರ ನಿಖರ. ಇದನ್ನು ಮಾಡಿದ ಫೆಂಡರ್ ರೇಡಿಯೊ ರಿಪೇರಿಯವರು, ಸ್ವತಃ ಗಿಟಾರ್ ನುಡಿಸಲು ಬಾರದವರು. ಬಹುಶಃ ಅದಕ್ಕೇ ವಾದ್ಯ ಇಷ್ಟು ಸರಳವಾಯಿತೋ ಏನೋ. 1957ರಲ್ಲಿ ತಂತಿಯ ಕಂಪನ ಹಿಡಿಯುವ ಅದರ ಪಿಕಪ್ಪನ್ನು ಎರಡು ತುಂಡು ಮಾಡಿ ಹಿಂದುಮುಂದಾಗಿ ಇಟ್ಟರು, 1960ರಲ್ಲಿ ಎರಡು ಪಿಕಪ್ ಇರುವ ‘ಜಾಜ್ ಬೇಸ್’ ಬಂತು. ಇವತ್ತು ಅಂಗಡಿಯಲ್ಲಿ ತೂಗುಹಾಕಿರುವ ಯಾವ ಕಂಪನಿಯ ಬೇಸ್ ನೋಡಿದರೂ, ಯಮಾಹಾ ಇರಲಿ, ಐಬನೇಜ್ ಇರಲಿ, ಕೋರ್ಟ್ ಇರಲಿ, ಈ ಎರಡರ ಒಂದಿಷ್ಟು ರಕ್ತ ಅದರಲ್ಲಿ ಇದ್ದೇ ಇರುತ್ತದೆ. ಮೊದಲ ವಾದ್ಯ ಕೊಳ್ಳುವವನಿಗೆ ಬ್ರಾಂಡಿನ ಚಿಂತೆ ಬೇಡ. ಪಿಕಪ್ ಯಾವ ಜಾತಿಯದು ಎಂದು ನೋಡಿದರೆ ಸಾಕು.

ಯಾಕೆಂದರೆ ಕರೆಂಟು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದೆಮುಂದೆ ಹರಿಯುತ್ತದೆ. ಬೇಸ್ ಗಿಟಾರ್‌ನ ದಪ್ಪ ತಂತಿಯ ಮೂರನೆಯ ಫ್ರೆಟ್ಟಿನ ‘ಜಿ’ ಸ್ವರ 49 ಹರ್ಟ್ಸ್. ಅಂದರೆ ಲೈನಿನ ಗುಂಯ್ ಎನ್ನುವ ಸದ್ದು ಬೇಸ್‌ನ ಸ್ಥಾಯಿಯಲ್ಲೇ ಬಂದು ಕೂರುತ್ತದೆ, ಅದೂ ತುಸು ಅಪಶ್ರುತಿಯಲ್ಲಿ. ಲೀಡ್ ಗಿಟಾರ್‌ನವನು ಕೆಳಗಿನ ಸದ್ದನ್ನು ಮಿಕ್ಸರಿನಲ್ಲಿ ಕತ್ತರಿಸಿ ಪಾರಾಗಬಹುದು, ಬೇಸ್‌ನವನು ಹಾಗೆ ಕತ್ತರಿಸಿದರೆ ತನ್ನ ಸ್ವರವನ್ನೇ ಕತ್ತರಿಸಿಕೊಂಡಂತೆ. ಹಳ್ಳಿಯ ವೇದಿಕೆಯಲ್ಲಿ ಸೀರಿಯಲ್ ಸೆಟ್ಟು, ಮಿನುಗುವ ಎಲ್‌ಇಡಿ, ಜನರೇಟರು ಎಲ್ಲ ಒಂದೇ ಬೋರ್ಡಿನಿಂದ. ಜಾಜ್ ಬೇಸ್‌ನಲ್ಲಿ ಎರಡೂ ವಾಲ್ಯೂಮ್ ಪೂರ್ತಿ ತಿರುವಿದ್ದಾಗ ಒಂದು ಪಿಕಪ್ಪಿನ ಗುಂಯ್ ಇನ್ನೊಂದು ಹೊಡೆದುಹಾಕುತ್ತದೆ. ಬ್ರಿಡ್ಜ್ ಕಡೆಯ ಪಿಕಪ್ ಒಂದನ್ನೇ ಇಟ್ಟುಕೊಂಡು ಕುಣಿಯುವ ಟೋನ್ ಬೇಕೆಂದರೆ ಗುಂಯ್ ಕೂಡ ಜೊತೆಗೇ ಬರುತ್ತದೆ. ಪ್ರಿಸಿಷನ್‌ನ ಸೀಳು ಪಿಕಪ್ ಹುಟ್ಟಿನಿಂದಲೇ ಈ ಗುಂಯ್ ಕೊಲ್ಲುತ್ತದೆ. ಸ್ಟುಡಿಯೋದಲ್ಲಿ ಕೂತು ಚರ್ಚೆ ಮಾಡುವವರು ಏನೇ ಹೇಳಲಿ, ಜನರೇಟರ್ ಪಕ್ಕದಲ್ಲಿ ನಿಂತು ನುಡಿಸುವವನಿಗೆ ನನ್ನ ಮತ ಪ್ರಿಸಿಷನ್ ಮಾದರಿಗೇ.

ನಾಲ್ಕು ತಂತಿಯೋ ಐದೋ ಎಂಬ ಜಗಳ ಇನ್ನೊಂದು. ಮಾಮೂಲಿ ನಾಲ್ಕು ತಂತಿಗಳು ಇ, ಎ, ಡಿ, ಜಿ. ಕೆಳಗಿನ ‘ಇ’ 41 ಹರ್ಟ್ಸ್. ಕಪ್ಪು ಒಂದರ ಹಾಡಿಗೆ ಈ ನಾಲ್ಕೂ ಬಿಡಿ ತಂತಿಗಳು ಪರಕೀಯ, ಸ–ಮ–ಪ ಯಾವುದೂ ಬಿಡಿ ತಂತಿಯಲ್ಲಿಲ್ಲ. ಗಿಟಾರ್‌ನವನು ಶ್ರುತಿ ಏರಿಸುವ ಕ್ಯಾಪೋ ಸಿಕ್ಕಿಸಿಕೊಂಡು ನಗುತ್ತಾನೆ. ಆದರೆ ಬೇಸ್‌ನ ಕುತ್ತಿಗೆಯ ಮೇಲೆ ಎಡಗೈ ಇಟ್ಟು ನೋಡಿ. ‘ಎ’ ತಂತಿಯ ನಾಲ್ಕನೆಯ ಫ್ರೆಟ್ಟಿನಲ್ಲಿ ಷಡ್ಜ. ಅದರ ಪಕ್ಕದ ದಪ್ಪ ತಂತಿಯಲ್ಲಿ ಅದೇ ನಾಲ್ಕನೆಯ ಫ್ರೆಟ್ಟಿನಲ್ಲಿ ಮಂದ್ರ ಪಂಚಮ. ಎರಡು ಮನೆ ಹಿಂದೆ, ಎರಡನೆಯ ಫ್ರೆಟ್ಟಿನಲ್ಲಿ ಮಂದ್ರ ಮಧ್ಯಮ. ಕಿರುಬೆರಳು ನಾಲ್ಕರಲ್ಲಿ, ತೋರುಬೆರಳು ಎರಡರಲ್ಲಿ ಇಟ್ಟರೆ ಮಣಿಕಟ್ಟು ಕದಲಿಸದೆ ಅರ್ಧ ಕಾರ್ಯಕ್ರಮ ಮುಗಿಯುತ್ತದೆ. ಬಿಡಿ ತಂತಿ ಬಳಸದಿರುವುದರ ಲಾಭ ಇನ್ನೊಂದಿದೆ. ಬೆರಳು ಎತ್ತಿದ ಕ್ಷಣ ಸದ್ದು ನಿಲ್ಲುತ್ತದೆ, ಡಗ್ಗಕ್ಕೆ ದಾರಿ ಬಿಡುವವನಿಗೆ ಬೇಕಾದದ್ದು ಅದೇ. ಗಾಯಕಿ ಬಿಳಿ ಐದರಲ್ಲಿ ಹಾಡಿದರೆ ‘ಜಿ’ ಬಿಡಿ ತಂತಿ ಸಿಗುತ್ತದೆ, ಆಗ ಅಂಗೈಯ ಅಂಚು ಒತ್ತಿ ಹಿಡಿಯದಿದ್ದರೆ ಅದು ಕೂಗುತ್ತಲೇ ಇರುತ್ತದೆ.

ಐದು ತಂತಿಯದಾದರೆ ಕೆಳಗಿನ ‘ಬಿ’ ತಂತಿಯ ಎರಡನೆಯ ಫ್ರೆಟ್ಟಿನಲ್ಲಿ ಕಪ್ಪು ಒಂದರ ಅತಿಮಂದ್ರ ಷಡ್ಜವೂ ಸಿಗುತ್ತದೆ, ಸುಮಾರು 35 ಹರ್ಟ್ಸ್. ಕೇಳಲು ಭಾರೀ ಆಸೆ ಹುಟ್ಟಿಸುವ ಸ್ವರ. ಆದರೆ ಸೌಂಡ್ಸ್‌ನವರು ತರುವ 18 ಇಂಚಿನ ಸಬ್‌ಗಳಲ್ಲಿ ಹೆಚ್ಚಿನವು 40 ಹರ್ಟ್ಸ್‌ನಿಂದ ಕೆಳಗೆ ಇಳಿಯಲು ಏದುಸಿರು ಬಿಡುತ್ತವೆ. ಆ ಸ್ವರದ ಬದಲು ಕೋನ್ ಅಲ್ಲಾಡುವ ಗಾಳಿಯಷ್ಟೇ ಹೊರಗೆ ಬರುತ್ತದೆ. ಕೇಳುಗರಿಗೆ ಮುಟ್ಟುವುದು ಅದರ ಮೇಲಿನ ಸ್ಥಾಯಿಯ ಹಾರ್ಮೋನಿಕ್, 70ರ ಆಸುಪಾಸಿನದು. ಅದನ್ನು ನಾಲ್ಕು ತಂತಿಯಲ್ಲೇ ನುಡಿಸಬಹುದಿತ್ತಲ್ಲ! ಐದನೆಯ ತಂತಿ ಬೇಕಾಗುವುದು ಕೈ ಓಡಾಟ ಕಡಿಮೆ ಮಾಡಿಕೊಳ್ಳಲು. ಹೊಸ ಸಿನಿಮಾ ಹಾಡುಗಳಲ್ಲಿ ಸಿಂಥ್ ಬೇಸ್ ಕೆಳಕ್ಕೆ ಇಳಿದಿರುವುದರಿಂದ ಅವನ್ನೇ ಹೆಚ್ಚು ನುಡಿಸುವವನಿಗೆ ಅದು ಇರಲಿ. ಭಾವಗೀತೆಗೆ ನಾಲ್ಕು ಧಾರಾಳ.

ಆಂಪ್ಲಿಫೈಯರ್ ಬಗ್ಗೆ ಹುಡುಗರು ಹೆಚ್ಚು ಕನಸು ಕಾಣುತ್ತಾರೆ. 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿ ಎಂಬ 300 ವಾಟಿನ ವಾಲ್ವ್ ಆಂಪ್ ದೊಡ್ಡ ರಾಕ್ ತಂಡಗಳ ಹಿಂದೆ ಬೀರುವಿನ ಹಾಗೆ ನಿಂತಿರುವುದನ್ನು ಫೋಟೋದಲ್ಲಿ ನೋಡಿರುತ್ತಾರೆ. ಅದರ ತಲೆಯೊಂದೇ ಸುಮಾರು 38 ಕಿಲೋ. ಈಗ 500 ವಾಟಿನ ಕ್ಲಾಸ್ ಡಿ ಆಂಪ್ ಮೂರು ಕಿಲೋಗಿಂತ ಕಡಿಮೆ ತೂಕಕ್ಕೆ ಸಿಗುತ್ತದೆ, ವಿಜ್ಞಾನ ಅಷ್ಟರಮಟ್ಟಿಗೆ ಕರುಣೆ ತೋರಿದೆ. ಆದರೂ ಕೊಪ್ಪದಿಂದ ಬಸ್ಸಿನಲ್ಲಿ ಹೋಗಿ ಬರುವವನಿಗೆ ಸ್ಪೀಕರ್ ಡಬ್ಬಿ ಯಾಕೆ? 1991ರಿಂದ ನಮ್ಮ ಕಡೆಯ ಘಟ್ಟದ ಊರುಗಳನ್ನೆಲ್ಲ ಸುತ್ತುತ್ತಿದ್ದ ಕೊಪ್ಪದ ‘ಸಹಕಾರ ಸಾರಿಗೆ’ 2020ರಲ್ಲಿ ನಿಂತಿತು. ಕಾರ್ಮಿಕರೇ ಕಟ್ಟಿ ನಡೆಸಿದ ಸಂಸ್ಥೆ ಅದು. ಬಸ್ಸು ತಪ್ಪಿದ ಮೇಲೆ ಈಗ ಎಷ್ಟೋ ವಾದಕರ ಸವಾರಿ ಬೈಕಿನಲ್ಲಿ. ಬೇಸ್ ಬೆನ್ನಿಗೆ ಏರಿಸಿದರೆ ಅದರ ತಲೆ ಹೆಲ್ಮೆಟ್ಟಿಗೆ ಟಕ್ಕೆಂದು ಬಡಿಯುತ್ತದೆ, ತಿರುವಿನಲ್ಲಿ ಮರದ ಗೆಲ್ಲು ತಾಗುತ್ತದೆ. ಬೈಕಿನವನು ಮೊದಲು ದುಡ್ಡು ಹಾಕಬೇಕಾದದ್ದು ದಪ್ಪ ಸ್ಪಂಜಿನ, ಮಳೆ ತಡೆಯುವ ಬ್ಯಾಗಿಗೆ. ಎರಡನೆಯದು ಒಂದು ಡಿಐ ಬಾಕ್ಸಿಗೆ.

ಡಿಐ ಬಾಕ್ಸ್ ಅಂದರೆ ಅಂಗೈಯಗಲದ ಕಬ್ಬಿಣದ ಡಬ್ಬಿ. ಗಿಟಾರ್‌ನ ದುರ್ಬಲ ಸಿಗ್ನಲ್ಲನ್ನು ಮೈಕ್‌ ವೈರಿನಲ್ಲಿ ದೂರ ಹೋಗುವ ಹಾಗೆ ಬದಲಿಸಿ ನೇರ ಮಿಕ್ಸರಿಗೆ ಕಳಿಸುತ್ತದೆ. ವೇದಿಕೆಯ ಮೇಲೆ ನಡೆಯುವ ಮಾತುಕತೆ ಹೀಗಿರುತ್ತದೆ:

“ಅಣ್ಣಾ, ಬೇಸಿಗೆ ಎಂತ ಕೊಡ್ಲಿ? ಮೈಕ್ ಇಡ್ಲಾ?”

“ಬ್ಯಾಡ ಮಾರಾಯ, ಡಿಐ ತಂದೀನಿ. ಒಂದು ಮೈಕ್ ವೈರ್ ಕೊಡು ಸಾಕು. ಫ್ಯಾಂಟಮ್ ಆನ್ ಮಾಡು.”

“ಅದು ಆನ್ ಮಾಡಿದ್ರೆ ಮೈಕೆಲ್ಲ ಹೋಗ್ತದಾ?”

“ಎಂತ ಆಗಲ್ಲ, ಮಾಡು.”

ಫ್ಯಾಂಟಮ್ ಎಂದರೆ ಮಿಕ್ಸರು ಮೈಕ್ ವೈರಿನಲ್ಲೇ ಡಿಐಗೆ ಕೊಡುವ 48 ವೋಲ್ಟ್, ಸಾಮಾನ್ಯ ಡೈನಮಿಕ್ ಮೈಕಿಗೆ ಅದರಿಂದ ತೊಂದರೆಯಿಲ್ಲ. ಡಿಐಯಲ್ಲಿ ‘ಗ್ರೌಂಡ್ ಲಿಫ್ಟ್’ ಎಂಬ ಸಣ್ಣ ಗುಂಡಿ ಇರುತ್ತದೆ, ಎರಡು ಕಡೆಯ ಅರ್ತ್ ಜಗಳವಾಡಿ ಗುಂಯ್ ಬಂದಾಗ ಒತ್ತಲು. ಈ ಗುಂಡಿ ಗೊತ್ತಿಲ್ಲದವರು ಏನು ಮಾಡುತ್ತಾರೆಂದರೆ ಆಂಪಿನ ಪ್ಲಗ್ಗಿನ ಮೂರನೆಯ ಪಿನ್ನನ್ನು ಕಿತ್ತುಹಾಕುತ್ತಾರೆ. ಗುಂಯ್ ನಿಲ್ಲುತ್ತದೆ, ಜೀವವೂ ನಿಲ್ಲಬಹುದು. ಬೇಸ್‌ನ ತಂತಿಗಳು ವೈರಿನ ಮೂಲಕ ಅರ್ತ್‌ಗೆ ಸೇರಿರುತ್ತವೆ. ಆ ಕಡೆ ಅರ್ತ್ ಇಲ್ಲದೆ ಲೈನ್ ಸೋರುತ್ತಿದ್ದರೆ, ಕೈ ತಂತಿಯ ಮೇಲೆ, ತುಟಿ ಕೋರಸ್ ಮೈಕಿನ ಮೇಲೆ ಇಟ್ಟವನ ಮೈಯಲ್ಲೇ ಕರೆಂಟು ದಾರಿ ಮಾಡಿಕೊಳ್ಳುತ್ತದೆ. ಮಳೆಗೆ ನೆನೆದ ಹಲಗೆಯ ಮೇಲೆ ಬರಿಗಾಲಲ್ಲಿ ನಿಂತಿದ್ದರೆ ಕೇಳುವುದೇ ಬೇಡ. ನುಡಿಸುವ ಮೊದಲು ಮೈಕಿನ ಜಾಲರಿಗೆ ಟೆಸ್ಟರ್ ಮುಟ್ಟಿಸಿ ನೋಡುವುದು ನಾಚಿಕೆಯ ಕೆಲಸವಲ್ಲ. ಗಿಟಾರ್ ಬ್ಯಾಗಿನಲ್ಲಿ ಟ್ಯೂನರ್ ಮರೆತರೂ ಇಪ್ಪತ್ತು ಮೂವತ್ತು ರೂಪಾಯಿಯ ಆ ಟೆಸ್ಟರ್ ಮರೆಯಬಾರದು.

ವೇದಿಕೆಯೂ ಒಂದು ವಾದ್ಯವೇ. ಕೆಳಗಿನ ‘ಇ’ ಸ್ವರದ ಒಂದು ಅಲೆಯ ಉದ್ದ ಸುಮಾರು 27 ಅಡಿ, 24 ಅಡಿಯ ವೇದಿಕೆಗಿಂತ ಹೆಚ್ಚು. ಖಾಲಿ ಡ್ರಮ್ಮುಗಳ ಮೇಲೆ ಹಲಗೆ ಹಾಸಿದ ಹಳೆಯ ಕಾಲದ ವೇದಿಕೆಯಾದರೆ ಹಲಗೆಯೇ ಬೇಸ್ ಜೊತೆ ನಡುಗುತ್ತದೆ. ತಂದ ಸಣ್ಣ ಆಂಪನ್ನು ನೆಲದಲ್ಲಿಡದೆ ಕುರ್ಚಿಯ ಮೇಲೆ, ಕಿವಿಯ ಕಡೆ ಮುಖಮಾಡಿ ಇಟ್ಟರೆ ಆ ಕಾಟ ಅರ್ಧ ಕಡಿಮೆ. ಬಯಲಿನಲ್ಲಿ ಬೇಸ್ ಹರಡಿ ಹೋಗುತ್ತದೆ. ಸಮುದಾಯ ಭವನದ ನಾಲ್ಕು ಗೋಡೆಯ ನಡುವೆ ಒಂದು ಸ್ವರ ಗುಡುಗುತ್ತದೆ, ಪಕ್ಕದ್ದು ಮಾಯವಾಗುತ್ತದೆ. ಗುಡುಗುವ ಸ್ವರ ಯಾವುದೆಂದು ಸೌಂಡ್ ಚೆಕ್ಕಿನಲ್ಲೇ ದಪ್ಪ ತಂತಿಯಿಂದ ಒಂದೊಂದೇ ಫ್ರೆಟ್ ನುಡಿಸಿ ಗುರುತು ಹಾಕಿಕೊಂಡು, ಅಲ್ಲಿ ಬೆರಳನ್ನು ಹಗುರ ಮಾಡುವುದು ಒಳ್ಳೆಯದು. ಬೇಸ್ ನಾಬನ್ನು ಪೂರ್ತಿ ತಿರುಗಿಸುವವರು ಬಹಳ, ಮಿಡ್ ಏರಿಸುವವರು ಕಡಿಮೆ. ಹಿಂದಿನ ಸಾಲಿಗೆ ಸ್ವರ ಮುಟ್ಟಿಸುವುದು ಮಿಡ್ಡೇ.

ಇನ್ನು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುವ ಹಾಗೆ ಗಿಟಾರ್‌ಗೂ ಹಿಡಿಯುತ್ತದೆ. ಫ್ರೆಟ್ ಹಸಿರಾಗುತ್ತದೆ, ಪೊಟೆನ್ಷಿಯೊಮೀಟರ್ ತಿರುವಿದರೆ ಕರಕರ, ಕುತ್ತಿಗೆಯ ಮರ ತೇವ ಕುಡಿದು ಬಾಗುತ್ತದೆ. ಕುತ್ತಿಗೆಯೊಳಗಿನ ಕಬ್ಬಿಣದ ಸರಳನ್ನು ಅಲೆನ್ ಕೀಯಿಂದ ಕಾಲು ಸುತ್ತು ತಿರುಗಿಸಿ, ಒಂದು ದಿನ ಬಿಟ್ಟು ನೋಡಿ, ಮತ್ತೆ ಬೇಕಾದರೆ ಇನ್ನೊಂದು ಕಾಲು ಸುತ್ತು. ಅವಸರಪಟ್ಟು ಒಮ್ಮೆಗೇ ತಿರುಗಿಸಿ ಮುರಿದುಕೊಂಡರೆ ಕುತ್ತಿಗೆಯೇ ಹೋಯಿತು. ತಂತಿಗಳ ಕತೆ ಇನ್ನೂ ದುಬಾರಿ. ಬೇಸ್ ತಂತಿಯ ಒಂದು ಸೆಟ್ಟಿಗೆ ಮಾಮೂಲಿ ಗಿಟಾರ್ ಸೆಟ್ಟಿನ ಹಲವು ಪಟ್ಟು ಬೆಲೆ. ಸುತ್ತಿನ ಸಂದಿಯಲ್ಲಿ ಬೆವರು, ಕೊಳೆ ಸೇರಿ ಸದ್ದು ಮಂಕಾದಾಗ ಬಿಚ್ಚಿ ನೀರಿನಲ್ಲಿ ಹತ್ತು ನಿಮಿಷ ಕುದಿಸುವುದು ಲೋಕದ ಎಲ್ಲ ಬಡ ಬೇಸ್ ವಾದಕರ ಉಪಾಯ. ನಮಗೆ ಅದರಲ್ಲಿ ಒಂದು ಅನುಕೂಲ, ಬಚ್ಚಲೊಲೆ ಆರುವುದೇ ಇಲ್ಲ. ಕುದಿಸಿದ ತಂತಿಯನ್ನು ಒರೆಸಿ ಅದೇ ಒಲೆಯ ಮೇಲಿನ ಬಿಸಿಗೆ ತೂಗುಹಾಕಿದರೆ ಒಳಗಿನ ನೀರೂ ಆರುತ್ತದೆ. ಹಾಗೆ ಎರಡು ಸಲ ಬದುಕಿಸಬಹುದು, ಮೂರನೆಯದಕ್ಕೆ ತುಂಡಾಗುತ್ತದೆ. ಇದೆಲ್ಲ ಬೇಡ ಎನ್ನುವವರು ಚಪ್ಪಟೆ ಸುತ್ತಿನ ಫ್ಲಾಟ್‌ವೌಂಡ್ ಹಾಕಿಕೊಳ್ಳಲಿ. ಅಮೆರಿಕದ ಮೋಟೌನ್ ಹಾಡುಗಳಲ್ಲಿ ಜೇಮ್ಸ್ ಜೇಮರ್ಸನ್ ಒಂದೇ ತೋರುಬೆರಳಿನಿಂದ ನುಡಿಸಿದ್ದು ಅಂಥ ತಂತಿಯ ಮೇಲೆಯೇ. ಮಿನುಗು ಕಡಿಮೆ, ಗುಂಡನೆಯ ಸ್ವರ, ಬೆರಳು ಸವರುವ ಕಿರುಗುಟ್ಟುವಿಕೆ ಇಲ್ಲ. ಭಾವಗೀತೆಗೆ ಇದಕ್ಕಿಂತ ಹೊಂದುವ ತಂತಿ ನನಗೆ ಗೊತ್ತಿಲ್ಲ.

ಕುತ್ತಿಗೆಯ ಮೇಲೆ ಬೆರಳಾಡುವ ಆ ಕರಿಗಂದು ಹಲಗೆ ಇದೆಯಲ್ಲ, ಅದು ರೋಸ್‌ವುಡ್ ಆಗಿದ್ದರೆ ಹೆಚ್ಚಾಗಿ ನಮ್ಮ ಬೀಟೆಯೇ. ಬ್ರೆಜಿಲ್ 1960ರ ದಶಕದ ಕೊನೆಗೆ ತನ್ನ ರೋಸ್‌ವುಡ್ ದಿಮ್ಮಿಗಳ ರಫ್ತು ನಿಲ್ಲಿಸಿದ ಮೇಲೆ ಲೋಕದ ಗಿಟಾರ್ ಕಂಪನಿಗಳು ದಕ್ಷಿಣ ಭಾರತದ ಬೀಟೆಯ ಕಡೆ ತಿರುಗಿದವು. 2017ರ ಜನವರಿಯಿಂದ ಅಂತರರಾಷ್ಟ್ರೀಯ ಒಪ್ಪಂದದಡಿ ಆ ಜಾತಿಯ ಮರಗಳೆಲ್ಲಕ್ಕೂ ಕಾಗದಪತ್ರ ಬೇಕಾಯಿತು, ಫೆಂಡರ್ ಮೆಕ್ಸಿಕೊದಲ್ಲಿ ಮಾಡುವ ಗಿಟಾರ್‌ಗಳಿಗೆ ಪಾವ್ ಫೆರೊ ಎಂಬ ಬೇರೆ ಮರ ಹಾಕಿತು. 2019ರ ಕೊನೆಗೆ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ತೋಟದ ಅಂಚಿನಲ್ಲಿ ಬೀಟೆ ನಿಂತಿದ್ದರೂ ಅರಣ್ಯ ಇಲಾಖೆಯ ಅಪ್ಪಣೆ ಇಲ್ಲದೆ ಕೊಂಬೆ ಮುಟ್ಟಲಾಗದ ಮಲೆನಾಡಿಗನಿಗೆ, ಅದೇ ಮರದ ತುಂಡು ಕಡಲಾಚೆ ಹೋಗಿ ಫ್ರೆಟ್ ಕೂರಿಸಿಕೊಂಡು ರಸೀದಿ ಸಮೇತ ವಾಪಸು ಬರುತ್ತದೆ.

ಹಳೆಯ ವಾದ್ಯ ಕೊಳ್ಳುವುದಾದರೆ ಬಣ್ಣ ನೋಡಬೇಡಿ. ಬುಡದಿಂದ ತಲೆಯ ಕಡೆಗೆ ಒಂದು ಕಣ್ಣು ಮುಚ್ಚಿ ಕುತ್ತಿಗೆ ನೇರ ಇದೆಯೇ ನೋಡಿ. ಹನ್ನೆರಡನೆಯ ಫ್ರೆಟ್ಟಿನ ಮೇಲೆ ಬೆರಳು ತಾಗಿಸಿ ಹಾರ್ಮೋನಿಕ್ ನುಡಿಸಿ, ಆಮೇಲೆ ಒತ್ತಿ ನುಡಿಸಿ, ಎರಡೂ ಒಂದೇ ಸ್ವರವಾಗಬೇಕು. ಜಾಕ್ ಅಲ್ಲಾಡಿಸಿದಾಗ ಸದ್ದು ಹೋಗಿ ಬಂದು ಮಾಡಬಾರದು. ಒಳಗೆ ಒಂಬತ್ತು ವೋಲ್ಟಿನ ಬ್ಯಾಟರಿ ಇರುವ ಆಕ್ಟಿವ್ ಬೇಸ್ ಆದರೆ ಡಬ್ಬಿ ತೆರೆದು ಹಳೆಯ ಬ್ಯಾಟರಿ ಸೋರಿದೆಯೇ ಎಂದು ನೋಡಿ. ಇಂಥ ಬೇಸ್‌ಗಳಲ್ಲಿ ವೈರ್ ಚುಚ್ಚಿದರೆ ಬ್ಯಾಟರಿ ಆನ್, ಊಟಕ್ಕೆ ಹೋಗುವಾಗ ಕೀಳದೆ ಹೋದರೆ ಅದು ಖರ್ಚಾಗುತ್ತಲೇ ಇರುತ್ತದೆ. ರಾತ್ರಿ ಒಂಬತ್ತೂವರೆಗೆ ಅದು ಸತ್ತರೆ ಕೊಪ್ಪದಲ್ಲಿ ಯಾವ ಅಂಗಡಿ ತೆರೆದಿರುತ್ತದೆ?

ಒಂಬತ್ತೂವರೆ ಎಂದೆ, ಯಾಕೆಂದರೆ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ ಹತ್ತಕ್ಕೆ ಮೈಕು ನಿಲ್ಲಬೇಕು. ಹಬ್ಬದ ಕೆಲವೇ ದಿನಗಳಿಗೆ ಸರ್ಕಾರ ನಡುರಾತ್ರಿಯವರೆಗೆ ಸಡಿಲಿಸಬಹುದು, ಅದೂ ವರ್ಷಕ್ಕೆ 15 ದಿನ ಮೀರದಂತೆ. ಬೆಳಗಿನ ಜಾವದವರೆಗೆ ಆರ್ಕೆಸ್ಟ್ರಾ ನಡೆಯುತ್ತಿದ್ದ ಕಾಲ ಹೋಗಿದೆ. ಕಾರ್ಯಕ್ರಮ ಮೂರು ಗಂಟೆಗೆ ಇಳಿದ ಮೇಲೆ ತಂಡವೂ ಇಳಿಯಿತು. ಈಗ ಎಷ್ಟೋ ಕಡೆ ಒಂದು ಲ್ಯಾಪ್‌ಟಾಪು, ಇಬ್ಬರು ಗಾಯಕರು, ಅಷ್ಟೇ. ಕರೋಕೆ ಟ್ರ್ಯಾಕಿನಲ್ಲಿ ಬೇಸ್ ಸೊಗಸಾಗಿಯೇ ಇರುತ್ತದೆ. ಆದರೆ ಗಾಯಕಿ ಭಾವಕ್ಕೆ ಸಿಕ್ಕಿ ಒಂದು ಸಾಲನ್ನು ಮತ್ತೊಮ್ಮೆ ಹಾಡಬೇಕೆಂದರೆ ಟ್ರ್ಯಾಕ್ ಕಾಯುವುದಿಲ್ಲ. ತಂಡದಲ್ಲಿ ಮೊದಲು ಕೈಬಿಡುವುದು ಬೇಸ್‌ನವನನ್ನೇ, ಕೊಳಲಿನವರನ್ನು ಬಿಟ್ಟರೆ ಕಾಣುತ್ತದೆ, ಇವನನ್ನು ಬಿಟ್ಟರೆ ಕಾಣುವುದಿಲ್ಲ ಎಂಬ ಲೆಕ್ಕ.

ಹಾಗಾಗಿ ಬೇಸ್ ಬೇಕು ಎಂದು ಪಟ್ಟುಹಿಡಿಯುವ ಗಾಯಕರು, ತಬಲದವರು ಇರುವ ಕಡೆ ಮಾತ್ರ ಈ ವಾದ್ಯ ಉಳಿದಿದೆ. ಕರೆ ಬಂದಾಗ ಬೇಸ್‌ನವನು ಹಾಡಿನ ಪಟ್ಟಿಗಿಂತ ಮೊದಲು ಕೇಳಬೇಕಾದದ್ದು ಯಾರು ಯಾವ ಶ್ರುತಿ, ತಬಲವೋ ಪ್ಯಾಡೋ ಎಂದು. ಸಂಘಟಕರಿಗೆ ಅದರ ಉತ್ತರ ಗೊತ್ತಿರುವುದಿಲ್ಲ. ಅವರ ಕಡೆಯಿಂದ ಬರುವ ಪ್ರಶ್ನೆ ಒಂದೇ:

“ಅಲ್ಲಾ, ಬೇಸ್ ಗಿಟಾರ್ ಅಂದ್ರೆ ಅದಕ್ಕೆ ಬೇರೆ ಜನ ಬರ್ತಾರಾ? ಹಂಗಾರೆ ಊಟಕ್ಕೆ ಒಬ್ರು ಜಾಸ್ತಿ ಬರ್ಕಳ್ತೀನಿ.”